ಬಿಡೆನೆನ್ನುವ ಡಿಸ್ಕಿನ ಪರವಾಗಿ

ಕೋಲಾರದ ಟೊಮೆಟೊ ಸುಗ್ಗಿ ಇಳಿಯುವ ಹೊತ್ತಿಗೆ ನಾಶಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತ್‌ನಲ್ಲಿ ಏರುತ್ತದೆ. ಹೆಸರು ಕೇಳಿದರೆ ನಮ್ಮ ಬಸವನ ನೆನಪು ತರುವ ಈ ಊರಿನ ಮಾರುಕಟ್ಟೆಯಲ್ಲಿ ಗಣಪತಿ ಹಬ್ಬ ಕಳೆದ ಮೇಲೆ ಸಂಜೆ ಹೊತ್ತು ಯಾರಿಗೂ ಪುರುಸೊತ್ತಿರುವುದಿಲ್ಲ. ಹೊರಗೆ ಹಮಾಲರು ಕ್ರೇಟುಗಳನ್ನು ಲಾರಿಗೆ ಪೇರಿಸುತ್ತಿರುತ್ತಾರೆ, ಒಳಗೆ ದಿವಾಣಜಿಗಳು ರೈತರಿಗೆ ಪಟ್ಟಿ ಹರಿದು ಕೊಡುತ್ತಿರುತ್ತಾರೆ. ಅಂಥದೊಂದು ಅಡತಿ ಅಂಗಡಿಯ ಲೆಕ್ಕದ ಕೋಣೆಯಲ್ಲಿ ನಾನು ಚಹಾ ಕುಡಿಯುತ್ತ ಕೂತಿದ್ದೆ. ಅಲ್ಲಿಯ ದಿವಾಣಜಿ ವಿಜಯಪುರದ ಕಡೆಯವರು, ದೂರದ ಸಂಬಂಧದಲ್ಲಿ ನನಗೆ ಕಾಕಾ. ದಿನದ ಲೆಕ್ಕವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮನೆಗೆ ಒಯ್ಯುವುದು ಅವರ ವಾಡಿಕೆ. ಅವತ್ತು ಪರದೆಯ ಮೂಲೆಯ ಗುರುತನ್ನು ಒತ್ತಿದರು. ಸಾಧನ ಬಳಕೆಯಲ್ಲಿದೆ, ಅದನ್ನು ಬಳಸುತ್ತಿರಬಹುದಾದ ಕಿಟಕಿಗಳನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ ಎಂಬ ಉತ್ತರ ಬಂತು.

“ಇದರದು ದಿನಾ ಇದ ಹಾಡು,” ಅಂದರು ಕಾಕಾ. “ಕಿತ್ಕೊಂಡ್ರ ಏನೂ ಆಗೂದಿಲ್ಲ ತಮ್ಮಾ. ಹತ್ತ ವರ್ಷ ಆತು, ಹಿಂಗ ಕಿತ್ಕೊಂಡು ಹೊಂಟೀನಿ.”

ಕೈ ಆಗಲೇ ಪೆನ್‌ಡ್ರೈವಿನ ಮೇಲಿತ್ತು. ನಾನು “ನಿಲ್ರಿ ಕಾಕಾ, ಒಂದ್ ನಿಮಿಷ” ಅಂದೆ.

ಕಾಕಾನದು ಒಂಟಿ ದನಿಯಲ್ಲ. ಝೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ, ಶಾಲೆಯ ಆಫೀಸು ಎಲ್ಲಿ ಕೇಳಿದರೂ ಇದೇ ಮಾತು. ಬೆಕ್ಕು ಅಡ್ಡ ಬಂದರೆ ಎರಡು ಹೆಜ್ಜೆ ಹಿಂದೆ ಹೋಗಿ ಬರುವಂಥ ಮೂಢನಂಬಿಕೆಯ ಸಾಲಿಗೆ ಈ ‘ಸುರಕ್ಷಿತವಾಗಿ ತೆಗೆಯಿರಿ’ ಸೇರಿ ಬಹಳ ದಿನವಾಯಿತು. ಸ್ವಲ್ಪ ಓದಿಕೊಂಡವರ ಕೈಯಲ್ಲಿ ಇನ್ನೂ ಗಟ್ಟಿಯಾದ ವಾದವಿದೆ. 2018ರ ಅಕ್ಟೋಬರಿನ ವಿಂಡೋಸ್ 10 ಆವೃತ್ತಿಯಿಂದ, ಅಂದರೆ 1809ರಿಂದ, ಹೊರಗಿನ ಡಿಸ್ಕುಗಳಿಗೆ ‘ಕ್ವಿಕ್ ರಿಮೂವಲ್’ ಎಂಬ ನೀತಿಯೇ ಮೂಲ ಏರ್ಪಾಡು. ಬರವಣಿಗೆ ನಡೆಯದ ಹೊತ್ತಿನಲ್ಲಿ ಹಾಗೇ ಕಿತ್ತರೂ ಚಿಂತೆಯಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. 2019ರಲ್ಲಿ ಈ ಸುದ್ದಿ ಹರಡಿದಾಗ ‘ನಾವು ಮೊದಲೇ ಹೇಳಿರಲಿಲ್ಲವೇ’ ಎಂದು ಎದೆ ತಟ್ಟಿಕೊಂಡವರು ಬಹಳ. ಇವರಿಗೆ ಎದುರಾಗಿ, ಕಿತ್ತರೆ ಪೋರ್ಟ್ ಸುಟ್ಟೇ ಹೋಗುತ್ತದೆ ಎನ್ನುವ ಭಯಸ್ಥರ ಪಂಗಡ. ಬಿಡುತ್ತಿಲ್ಲವೆಂದರೆ ವೈರಸ್ಸೇ ಇರಬೇಕು ಎನ್ನುವವರದು ಇನ್ನೊಂದು. ಕಾನ್‌ಫಿಕರ್ ಹಾವಳಿಯ 2008–09ರ ಸುಮಾರಿಗೆ ಪೆನ್‌ಡ್ರೈವ್ ಎಂದರೆ ಸಿಕ್ಕಿಸಿದೊಡನೆ ತಾನಾಗಿ ಓಡುವ ಆಟೋರನ್ ವೈರಸ್ಸಿನ ಬಿಟ್ಟಿ ಬಸ್ಸಾಗಿತ್ತು, ಆ ಅಂಜಿಕೆಗೆ ಆಗ ಕಾರಣವಿತ್ತು. ವಿಂಡೋಸ್ 7 ಬಂದು, 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿಗೂ ತಿದ್ದುಪಡಿ ಸಿಕ್ಕ ಮೇಲೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಅಂಜಿಕೆ ಮಾತ್ರ ಹಾಗೇ ಉಳಿದಿದೆ.

ಈ ಮೂರು ಪಂಗಡಗಳೂ ಪರಸ್ಪರ ಜಗಳಾಡುತ್ತವೆ. ಆದರೆ ಒಂದು ವಿಷಯದಲ್ಲಿ ಮೂವರೂ ಒಂದೇ: ಡಿಸ್ಕು ‘ಬಿಡೆ’ ಎಂದದ್ದು ಕಾಯಿಲೆ, ಅದಕ್ಕೊಂದು ಮದ್ದು ಬೇಕು. ನನ್ನ ತಕರಾರು ಇರುವುದು ಅಲ್ಲಿ. ಅದು ಸಾಕ್ಷಿಯ ಹೇಳಿಕೆ. ಯಾರೋ ಆ ಡಿಸ್ಕಿನ ಮೇಲೆ ಕೈ ಇಟ್ಟಿದ್ದಾರೆ ಎಂದು ಕಂಪ್ಯೂಟರು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದೆ. ಬಿಡಿಸುವ ಉಪಾಯ ಆಮೇಲಿನ ಮಾತು, ಮೊದಲು ಯಾರು ಹಿಡಿದಿದ್ದಾರೆ ಎಂದು ಕೇಳಬೇಕು.

ಮೊದಲು ಎದುರಾಳಿಗಳಿಗೆ ಸಲ್ಲಬೇಕಾದ್ದು ಸಲ್ಲಲಿ. ಕಿತ್ತರೆ ಸುಡುತ್ತದೆ ಎನ್ನುವುದು ಸುಳ್ಳು. ಯುಎಸ್‌ಬಿ ಹುಟ್ಟಿದ್ದೇ ಚಾಲೂ ಇರುವಾಗ ಸಿಕ್ಕಿಸಿ ತೆಗೆಯಲಿಕ್ಕೆ. ಹಳೆಯ ಚಪ್ಪಟೆ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ: ನಾಲ್ಕು ಪಟ್ಟಿಗಳಲ್ಲಿ ಅಂಚಿನ ಎರಡು ಉದ್ದ, ನಡುವಿನ ಎರಡು ತುಸು ಗಿಡ್ಡ. ಅಂಚಿನವು ಕರೆಂಟಿನವು, ನಡುವಿನವು ಮಾಹಿತಿಯವು. ಎಳೆದಾಗ ಮೊದಲು ಮಾಹಿತಿ ಕಡಿಯುತ್ತದೆ, ಆಮೇಲೆ ಕರೆಂಟು. ಸಿಕ್ಕಿಸುವಾಗ ಇದರ ಉಲ್ಟಾ. ಒಳಗೆ ತಿರುಗುವ ಹಾರ್ಡ್‌ಡಿಸ್ಕು ಕೂಡ ಕರೆಂಟು ತಟ್ಟನೆ ಹೋದರೆ, ತಿರುಗುತ್ತಿರುವ ತಟ್ಟೆಯ ರಭಸದಿಂದಲೇ ವಿದ್ಯುತ್ತು ಪಡೆದು ತನ್ನ ಸೂಜಿಯನ್ನು ಬದಿಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಇಷ್ಟವಿಲ್ಲದಿದ್ದರೂ ಮಾಡುತ್ತದೆ, ಮತ್ತು ಲೆಕ್ಕ ಇಡುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ‘ಸ್ಮಾರ್ಟ್’ ಪಟ್ಟಿಯಲ್ಲಿ 192ನೇ ಸಾಲು ಅನೇಕ ಡಿಸ್ಕುಗಳಲ್ಲಿ ಇದರದ್ದೇ: ಇಲ್ಲಿಯವರೆಗೆ ಎಷ್ಟು ಸಲ ಹೀಗೆ ಆತುರದಲ್ಲಿ ಸೂಜಿ ಎಳೆದುಕೊಳ್ಳಬೇಕಾಯಿತು ಎಂಬ ಎಣಿಕೆ. ‘ನಾನು ಎಂದೂ ಹಾಗೆ ಕಿತ್ತಿಲ್ಲ’ ಎನ್ನುವವರ ಡಿಸ್ಕಿನಲ್ಲಿ ಆ ಸಾಲನ್ನು ಓದುವುದು ನನ್ನ ಸಣ್ಣ ಖುಷಿಗಳಲ್ಲೊಂದು.

ಇನ್ನು ಓದಿಕೊಂಡವರ ವಾದ. ಅದು ಅರ್ಧ ಸರಿ. ಉಳಿದರ್ಧವನ್ನು ಕಾಕಾನ ಮೇಜಿನ ಭಾಷೆಯಲ್ಲಿ ಹೇಳುವುದು ಸುಲಭ. ಅಡತಿ ಅಂಗಡಿಯಲ್ಲಿ ವ್ಯವಹಾರ ನಡೆದ ಕೂಡಲೇ ಬರೆಯುವುದು ಕಿರ್ದಿಯಲ್ಲಿ. ಅಲ್ಲಿಂದ ಬಿಡುವಾದಾಗ ಒಬ್ಬೊಬ್ಬರ ಹೆಸರಿನ ಖತಾವಣಿಗೆ ಏರಿಸುವುದು. ಕಂಪ್ಯೂಟರು ಹಿಂದೆ ಇದನ್ನೇ ಮಾಡುತ್ತಿತ್ತು. ‘ಕಾಪಿ ಆಯಿತು’ ಎಂದು ನಿಮಗೆ ಹೇಳಿ, ಒಂದಷ್ಟನ್ನು ತನ್ನ ಮೆಮರಿಯಲ್ಲೇ ಇಟ್ಟುಕೊಂಡು, ಪೆನ್‌ಡ್ರೈವೆಂಬ ಖತಾವಣಿಗೆ ನಿಧಾನವಾಗಿ ಏರಿಸುತ್ತಿತ್ತು. ಏರಿಸುವ ಮೊದಲೇ ಖತಾವಣಿ ಎತ್ತಿಕೊಂಡು ಹೋದರೆ ಪುಟ ಖಾಲಿ. ಕ್ವಿಕ್ ರಿಮೂವಲ್ ಎಂದರೆ ಕಿರ್ದಿಯ ಗೊಡವೆ ಬಿಟ್ಟು ನೇರ ಖತಾವಣಿಗೇ ಬರೆಯುವುದು. ಕಾಪಿ ನಿಧಾನವಾಗುತ್ತದೆ, ಆದರೆ ಮುಗಿಯಿತು ಎಂದರೆ ಮುಗಿದಂತೆಯೇ. ಒಳ್ಳೆಯ ಬದಲಾವಣೆ, ನನಗೆ ಅದರ ಮೇಲೆ ಸಿಟ್ಟಿಲ್ಲ.

ಆದರೆ ‘ಬಳಕೆಯಲ್ಲಿದೆ’ ಎಂಬ ಹೇಳಿಕೆಗೂ ಈ ಕಿರ್ದಿಗೂ ಸಂಬಂಧವಿಲ್ಲ. ಬಾಕಿ ಬರಹವಷ್ಟೇ ಇದ್ದರೆ ಕಂಪ್ಯೂಟರು ಅದನ್ನು ಗಬಗಬ ಬರೆದು ಮುಗಿಸಿ ಬಿಟ್ಟುಕೊಡುತ್ತದೆ, ನಿರಾಕರಿಸುವುದಿಲ್ಲ. ನಿರಾಕರಿಸುವುದು ಯಾವುದೋ ಪ್ರೋಗ್ರಾಂ ಆ ಡಿಸ್ಕಿನ ಒಂದು ಫೈಲನ್ನೋ ಫೋಲ್ಡರನ್ನೋ ತೆರೆದಿಟ್ಟುಕೊಂಡು ಇನ್ನೂ ಮುಚ್ಚದಿದ್ದಾಗ. ಒಳಭಾಷೆಯಲ್ಲಿ ಇದಕ್ಕೆ ವೀಟೊ ಎಂದೇ ಹೆಸರು. ಫೈಲು ತೆರೆದಿಟ್ಟವನ ಜೇಬಿನಲ್ಲಿ ಇನ್ನೂ ಡಿಸ್ಕಿಗೆ ಕೊಡದ ಸಾಲುಗಳಿರಬಹುದು. ಅವನು ಕೊಟ್ಟದ್ದನ್ನು ಕೂಡಲೇ ಬರೆಯುವ ವ್ಯವಸ್ಥೆ, ಅವನು ಕೊಡದೇ ಇದ್ದದ್ದನ್ನು ಹೇಗೆ ಬರೆದೀತು? ಅಂದಮೇಲೆ ಮೈಕ್ರೋಸಾಫ್ಟಿನ ಭರವಸೆ ನಿರಾಕರಣೆ ಬಾರದ ಸಂದರ್ಭಕ್ಕೆ ಸರಿಹೊಂದುತ್ತದೆ; ನಿರಾಕರಣೆ ಬಂದ ಸಂದರ್ಭಕ್ಕೇ ಅದನ್ನು ಅನ್ವಯಿಸುವುದು ತರ್ಕವನ್ನು ತಲೆಕೆಳಗು ಮಾಡಿದ ಹಾಗೆ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಜಾತಿಯ ಏರ್ಪಾಡಿನಲ್ಲಿ ಫೈಲಿನ ಗಾತ್ರವನ್ನು ಎಷ್ಟೋ ಸಲ ದಾಖಲಿಸುವುದೇ ಅದನ್ನು ಮುಚ್ಚುವಾಗ. ನಡುವೆ ಕಿತ್ತರೆ ಮರುದಿನ ಕಾಣುವುದು ವಿಚಿತ್ರ ದೃಶ್ಯ: ಹೆಸರು ಇದೆ, ತಾರೀಕು ಇದೆ, ಗಾತ್ರ 0 ಕೆಬಿ. ಬಾಡಿಗೆದಾರ ಹೋದ ಮೇಲೂ ಬಾಗಿಲಲ್ಲಿ ಉಳಿದ ನಾಮಫಲಕ.

ಹತ್ತು ವರ್ಷ ಏನೂ ಆಗಲಿಲ್ಲವಲ್ಲ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಹಿಡಿದವನು ಹೆಚ್ಚಿನ ದಿನ ಸುಮ್ಮನೆ ಓದುವವನು: ಚಿತ್ರಗಳ ಸಣ್ಣ ನಕಲು ಮಾಡುವ ಎಕ್ಸ್‌ಪ್ಲೋರರ್, ತಪಾಸಣೆ ಮಾಡುವ ಆ್ಯಂಟಿವೈರಸ್. ಓದುವವನ ಕೈಯಿಂದ ಪುಸ್ತಕ ಕಸಿದರೆ ಪುಸ್ತಕಕ್ಕೇನೂ ಆಗುವುದಿಲ್ಲ. ಬರೆಯುವವನ ಕೈಯಿಂದ ಕಸಿದ ದಿನವೇ ತೊಂದರೆ, ಆ ದಿನ ಯಾವುದೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಪೆನ್‌ಡ್ರೈವಿನ ದೀಪ ಮಿನುಗುವುದು ನಿಂತಿದೆ ಎಂಬುದೂ ಖಾತರಿಯಲ್ಲ. ಜೇಬಿನಲ್ಲಿಟ್ಟ ಸಾಲುಗಳಿಗೆ ದೀಪ ಇರುವುದಿಲ್ಲವಲ್ಲ.

ಕಾಕಾನ ಕಂಪ್ಯೂಟರಿಗೆ ಬರೋಣ. ಲೆಕ್ಕದ ಸಾಫ್ಟ್‌ವೇರೊಂದು ಬಿಟ್ಟು ಕಿಟಕಿಗಳೆಲ್ಲ ಮುಚ್ಚಿವೆ ಎಂದರು, ನೋಡಲಿಕ್ಕೂ ಹಾಗೇ ಇತ್ತು. ನಾನು ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್‌ನ ಕೆಳಗಿನ ‘ಸಿಸ್ಟಂ’ ವಿಭಾಗಕ್ಕೆ ಹೋದೆ. ಮೇಲಿನಿಂದ ಎರಡನೆಯ ಸಾಲು: ಮೂಲ ಕರ್ನಲ್-ಪಿಎನ್‌ಪಿ, ಸಂಖ್ಯೆ 225. ಇಂಥ ಪ್ರೋಗ್ರಾಂ, ಇಂಥ ಪ್ರೋಸೆಸ್ ಸಂಖ್ಯೆ, ಈ ಸಾಧನವನ್ನು ತೆಗೆಯದಂತೆ ತಡೆಯಿತು ಎಂದು ಅದರಲ್ಲಿ ಪೂರಾ ವಿಳಾಸ ಸಮೇತ ಬರೆದಿತ್ತು. ಹೆಸರು ಸ್ಪ್ರೆಡ್‌ಶೀಟಿನದು. “ಅದನ್ನ ಆಗಳೇ ಮುಚ್ಚೀನಲ್ಲೋ,” ಅಂದರು ಕಾಕಾ. ಟಾಸ್ಕ್ ಮ್ಯಾನೇಜರಿನಲ್ಲಿ ಅದು ಜೀವಂತ. ಲೆಕ್ಕದ ಸಾಫ್ಟ್‌ವೇರಿನ ದೊಡ್ಡ ಕಿಟಕಿಯನ್ನು ಪಕ್ಕಕ್ಕೆ ಸರಿಸಿದೆ. ಅದರ ಬೆನ್ನ ಹಿಂದೆ ಅಂಗೈಯಗಲದ ಒಂದು ಪ್ರಶ್ನೆ ಕೂತಿತ್ತು: ಬದಲಾವಣೆಗಳನ್ನು ಉಳಿಸಲೇ? ಯಾರೂ ಉತ್ತರ ಕೊಟ್ಟಿರಲಿಲ್ಲ. ಆ ಹಾಳೆಯಲ್ಲಿ ಮಧ್ಯಾಹ್ನದ ಲಿಲಾವಿನ ನಂತರ ಕಾಕಾ ಸೇರಿಸಿದ ಹದಿನಾಲ್ಕು ಸಾಲುಗಳಿದ್ದವು, ಯಾವ ರೈತನ ಎಷ್ಟು ಕ್ರೇಟು ಎಂದು. ಹದಿನಾಲ್ಕೂ ಮೆಮರಿಯಲ್ಲಿ ಮಾತ್ರ.

ಕಾಕಾ ‘ಹೌದು’ ಒತ್ತಿದರು. ಡಿಸ್ಕು ಮರುಮಾತಿಲ್ಲದೆ ಬಿಟ್ಟಿತು.

ಈಗ ನನ್ನ ಸಿಟ್ಟಿನ ದಿಕ್ಕು ಬದಲಾಗಬೇಕು. ಕಂಪ್ಯೂಟರಿಗೆ ಅಪರಾಧಿಯ ಹೆಸರು ಗೊತ್ತಿತ್ತು. ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಂಡೂ ಇತ್ತು. ಎದುರಿಗೆ ಕೂತ ಮನುಷ್ಯನಿಗೆ ಹೇಳುವಾಗ ಮಾತ್ರ ‘ಬಳಸುತ್ತಿರಬಹುದಾದ’ ಎಂದಿತು. ಈ ‘ಬಹುದು’ ಎಂಬ ಮೂರಕ್ಷರ ಮಾಡಿದ ಹಾನಿ ದೊಡ್ಡದು. ಮ್ಯಾಕ್‌ನವರೂ ಹಿಂದೆ ಬಿದ್ದಿಲ್ಲ: ಒಂದು ಅಥವಾ ಹೆಚ್ಚು ಪ್ರೋಗ್ರಾಂಗಳು ಬಳಸುತ್ತಿರಬಹುದು ಎನ್ನುತ್ತ ಪಕ್ಕದಲ್ಲೇ ‘ಬಲವಂತವಾಗಿ ಹೊರಹಾಕು’ ಎಂಬ ಗುಂಡಿ ಇಡುತ್ತಾರೆ. ಅಲ್ಲಿ ಡಿಸ್ಕು ಹಿಡಿದವನು ಬಹಳ ಸಲ ಆ ಯಂತ್ರದ್ದೇ ಹುಡುಕು ಸೇವೆ, ಸ್ಪಾಟ್‌ಲೈಟ್. ಮನೆಯ ಆಳೇ ಬಾಗಿಲು ಹಿಡಿದು ನಿಂತು, ಯಜಮಾನ ಬಂದು ಕೇಳಿದರೆ ‘ಯಾರೋ ಇರಬಹುದು’ ಎಂದ ಹಾಗೆ. ಸಂಶಯದಲ್ಲಿ ಮಾತಾಡುವ ಸಾಕ್ಷಿಯನ್ನು ಜನ ನಂಬುವುದಿಲ್ಲ. ಹತ್ತು ಸಲ ಹೆಸರಿಲ್ಲದ ದೂರು ಕೇಳಿದ ಮೇಲೆ ಹನ್ನೊಂದನೆಯ ಸಲ ಕಿತ್ತುಕೊಂಡು ಹೋಗುವುದು ಮನುಷ್ಯ ಸ್ವಭಾವ. ಕಾಕಾನನ್ನು ಅಸಡ್ಡೆಯವರೆಂದು ಬೈಯುವವರು ಈ ಪಾಠವನ್ನು ಅವರಿಗೆ ಕಲಿಸಿದವರು ಯಾರು ಎಂದು ನೋಡಲಿ.

ಹೆಸರು ಹೇಳುವುದು ಕಷ್ಟದ ಕೆಲಸವೂ ಅಲ್ಲ. ಯಾವ ಫೈಲನ್ನು ಯಾರು ಹಿಡಿದಿದ್ದಾರೆ ಎಂದು ತೋರಿಸುವ ಪ್ರೋಸೆಸ್ ಎಕ್ಸ್‌ಪ್ಲೋರರ್ ಎಂಬ ಉಪಕರಣವನ್ನು ಮಾರ್ಕ್ ರುಸಿನೋವಿಚ್ ಕಟ್ಟಿದ್ದ ಸಿಸ್‌ಇಂಟರ್ನಲ್ಸ್ ಸಮೇತ ಮೈಕ್ರೋಸಾಫ್ಟ್ ಕೊಂಡದ್ದು 2006ರಲ್ಲಿ. 2022ರಲ್ಲಿ ಪವರ್‌ಟಾಯ್ಸ್ ಪೆಟ್ಟಿಗೆಗೆ ‘ಫೈಲ್ ಲಾಕ್‌ಸ್ಮಿತ್’ ಸೇರಿಸಿದರು, ಅದೂ ಇದೇ ಕೆಲಸದ್ದು. ಎರಡನ್ನೂ ನಾವೇ ಹುಡುಕಿ ಇಳಿಸಿಕೊಳ್ಳಬೇಕು. ಕಂಪ್ಯೂಟರಿನೊಳಗೇ ಇರುವ ರಿಸೋರ್ಸ್ ಮಾನಿಟರಿನ ಸಿಪಿಯು ಪುಟದಲ್ಲಿ ಡ್ರೈವಿನ ಅಕ್ಷರ ಹಾಕಿ ಹುಡುಕಬಹುದು, ಆ ಪುಟವನ್ನು ನೋಡಿದವರು ಎಷ್ಟು ಮಂದಿ? ಔಷಧಿಯನ್ನು ಅಟ್ಟದ ಮೇಲಿಟ್ಟು ಏಣಿಯನ್ನು ನೆರೆಮನೆಯಲ್ಲಿಟ್ಟ ಏರ್ಪಾಡು ಇದು.

ಹೆಸರು ಹಿಡಿದು ಹೇಳುವ ತಡೆಗೆ ಉದಾಹರಣೆ ಹತ್ತಿರದಲ್ಲೇ ಇದೆ. ಪಿಂಪಳಗಾಂವ್‌ನಿಂದ ನಾಶಿಕದ ದಾರಿಯಲ್ಲಿ ಸ್ವಲ್ಪ ಹೋದರೆ ಓಝರ್. 1964ರಲ್ಲಿ ಮಿಗ್ ವಿಮಾನಗಳಿಗಾಗಿ ಹುಟ್ಟಿದ ಎಚ್‌ಎಎಲ್ ಕಾರ್ಖಾನೆಯ ಊರು.  ವಿಮಾನದ ಕೆಲಸದವರಲ್ಲಿ ಜಗತ್ತಿನಾದ್ಯಂತ ಇರುವ ಪದ್ಧತಿಯೊಂದಿದೆ. ಪ್ರತಿ ಪಾನಾಕ್ಕೂ ಹಲಗೆಯ ಮೇಲೆ ಅದರದೇ ಆಕಾರದ ಗುರುತು ಬರೆದಿರುತ್ತಾರೆ. ಕೆಲಸ ಮುಗಿದ ಮೇಲೆ ಒಂದು ಗುರುತು ಖಾಲಿ ಉಳಿದರೆ ವಿಮಾನ ಹೊರಡುವುದಿಲ್ಲ. ‘ಏನೋ ಒಂದು ಉಪಕರಣ ಒಳಗೆ ಉಳಿದಿರಬಹುದು’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಖಾಲಿ ಆಕಾರವೇ ಯಾವ ಪಾನಾ ಎಂದು ತೋರಿಸುತ್ತದೆ. ವಿಮಾನ ತಡೆದು ನಿಲ್ಲಿಸಿದ್ದಕ್ಕೆ ಆ ಹಲಗೆಯ ಮೇಲೆ ಸಿಟ್ಟಾಗುವವರೂ ಇಲ್ಲ.

ಲಿನಕ್ಸ್ ಬಳಸುವವರು ಈ ವಿಷಯದಲ್ಲಿ ತುಸು ಜಂಬದವರು. ಡಿಸ್ಕು ‘ಬಿಜಿ’ ಎಂದರೆ ಅವರು ಎಲ್‌ಎಸ್‌ಒಎಫ್ ಅಥವಾ ಫ್ಯೂಸರ್ ಎಂದು ಟೈಪಿಸಿ ಹಿಡಿದವರ ಪಟ್ಟಿಯನ್ನೇ ತರಿಸಿಕೊಳ್ಳುತ್ತಾರೆ. 1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ಡಿಸ್ಕು ಏರಿಸುವ ಮೌಂಟ್, ಇಳಿಸುವ ಯುಮೌಂಟ್ ಎರಡೂ ಇದ್ದವು. ‘ಅನ್‌ಮೌಂಟ್’ ಎಂಬುದರಲ್ಲಿ ಒಂದು ಎನ್ ಅಂದೇ ಬಿಟ್ಟುಹೋಯಿತು, ಇಂದಿಗೂ ಯಾರೂ ಹುಡುಕಿ ತಂದಿಲ್ಲ. ಆಗ ಮೌಂಟ್ ಎಂದರೆ ಹರಿವಾಣದಗಲದ ಡಿಸ್ಕ್ ಪ್ಯಾಕನ್ನು ಆಪರೇಟರು ಕೈಯಾರೆ ಎತ್ತಿ ಯಂತ್ರದೊಳಗೆ ಕೂರಿಸುವುದು. ಕೆಳಗಿಳಿಸುವ ಮುನ್ನ ಕೇಳಬೇಕೆಂಬ ಸಂಪ್ರದಾಯ ಅಷ್ಟು ಹಳೆಯದು.

ಆದರೆ ಈ ಜಂಬದವರಲ್ಲೂ ಅಡ್ಡದಾರಿ ಬಲ್ಲವರಿದ್ದಾರೆ. ಅವರ ಉಪದೇಶದಲ್ಲಿ ಹೆಚ್ಚು ಕೇಳಿಬರುವುದು ‘ಲೇಜಿ’ ಯುಮೌಂಟ್. ಅದನ್ನು ಕೊಟ್ಟರೆ ಡಿಸ್ಕು ತಕ್ಷಣ ಕಣ್ಣಿಂದ ಮರೆಯಾಗುತ್ತದೆ, ದೂರು ಬರುವುದಿಲ್ಲ. ಹಿಡಿದವನು ಮಾತ್ರ ಹಿಡಿದೇ ಇರುತ್ತಾನೆ, ಬರೆಯುತ್ತಲೂ ಇರಬಹುದು. ಖತಾವಣಿಯ ಸೂಚಿಯಿಂದ ಹೆಸರು ಅಳಿಸಿದ ಮಾತ್ರಕ್ಕೆ ಬಾಕಿ ತೀರಿತೇ? ಹೋಯಿತಲ್ಲ ಎಂದು ಆಗ ಕೇಬಲ್ ಎಳೆದವರು ಕಾಕಾನಿಗಿಂತ ದೊಡ್ಡ ಅಪಾಯದಲ್ಲಿರುತ್ತಾರೆ. ಕಾಕಾನಿಗೆ ಕನಿಷ್ಠ ಎಚ್ಚರಿಕೆ ಕಾಣಿಸಿತ್ತು. ಹಿಡಿದವರನ್ನೆಲ್ಲ ಒಂದೇ ಏಟಿಗೆ ಕೊಲ್ಲುವ ಫ್ಯೂಸರ್‌ನ ‘ಕೆ’ ಆಯ್ಕೆಯೂ ಇದೇ ಜಾತಿ. ಉಳಿಸದ ಕಾಗದ ಯಾರ ಕೈಯಲ್ಲಿತ್ತು ಎಂದು ಅದು ವಿಚಾರಿಸುವುದಿಲ್ಲ.

ಲಿನಕ್ಸಿನಲ್ಲೇ ಇನ್ನೊಂದು ಅಪಾರ್ಥ. ದೊಡ್ಡ ಫೈಲಿನ ಕಾಪಿ ಪಟ್ಟಿ ಸರ್ರನೆ ತುದಿ ಮುಟ್ಟುತ್ತದೆ, ಹೊರತೆಗೆಯಲು ಹೇಳಿದರೆ ಡಿಸ್ಕು ನಿಮಿಷಗಟ್ಟಲೆ ಮೌನ. ಇದು ನಿರಾಕರಣೆಯಲ್ಲ, ಕಿರ್ದಿಯಿಂದ ಖತಾವಣಿಗೆ ಏರಿಸುವ ಕೆಲಸ. ಮೆಮರಿಯ ಇಂತಿಷ್ಟು ಭಾಗದವರೆಗೆ ಬಾಕಿ ಬರಹ ಇಟ್ಟುಕೊಳ್ಳಲು ಅಲ್ಲಿ ಅವಕಾಶವಿದೆ. ಮೆಮರಿ ಮೆಗಾಬೈಟಿನಲ್ಲಿದ್ದಾಗ ಹಾಕಿದ ಶೇಕಡಾವಾರು ಲೆಕ್ಕ ಗಿಗಾಬೈಟುಗಳ ಕಾಲಕ್ಕೆ ಅತಿಯಾಯಿತು. ನಿಧಾನದ ಪೆನ್‌ಡ್ರೈವಿನಿಂದ ಇಡೀ ಯಂತ್ರವೇ ತೊದಲುವ ಬಗ್ಗೆ 2013ರಲ್ಲಿ ಕರ್ನಲ್ ಬರೆಯುವವರ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ಇಲ್ಲಿ ಬೇಕಾದ್ದು ಕಾಯುವುದೊಂದೇ.

ನನ್ನದೇ ಒಂದು ಕಥೆ. ಒಮ್ಮೆ ಹೊರಗಿನ ಡಿಸ್ಕು ಏನು ಮಾಡಿದರೂ ಬಿಡಲಿಲ್ಲ. ಆ್ಯಂಟಿವೈರಸ್ಸನ್ನು ಬೈದೆ, ಇಂಡೆಕ್ಸಿಂಗ್ ನಿಲ್ಲಿಸಿದೆ, ಅರ್ಧ ಗಂಟೆ ಕಳೆದೆ. ಕೊನೆಗೆ ಪಟ್ಟಿ ತೆಗೆದು ನೋಡಿದರೆ ಹಿಡಿದಿದ್ದು, ಹುಡುಕಲೆಂದು ನಾನು ಆದೇಶ ಟೈಪಿಸುತ್ತಿದ್ದ ಕಪ್ಪು ಕಿಟಕಿಯೇ. ಅದು ಯಾವ ಫೈಲನ್ನೂ ತೆರೆದಿರಲಿಲ್ಲ, ಆ ಡಿಸ್ಕಿನ ಫೋಲ್ಡರಿನೊಳಗೆ ಸುಮ್ಮನೆ ನಿಂತಿತ್ತು, ನಿಂತರೂ ಹಿಡಿದಂತೆಯೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಬಲವಂತದಿಂದ ಕಿತ್ತಿದ್ದರೆ ಅವತ್ತು ಏನೂ ಕೆಡುತ್ತಿರಲಿಲ್ಲ ಎಂಬುದು ನಿಜ. ಕಿತ್ತವರ ಪಂಗಡ ಈ ವಾಕ್ಯವನ್ನು ಬೇಕಾದರೆ ಬರೆದಿಟ್ಟುಕೊಳ್ಳಲಿ.

ಎರಡು ವಾರದ ನಂತರ ಕಾಕಾನ ಫೋನು ಬಂತು. ಹಿಂದೆ ಲಾರಿಯ ಹಾರ್ನು.

“ತಮ್ಮಾ, ನೀ ತೋರ್ಸಿದ ಕಡೆ ನೋಡಿದ್ನಿ. ಎರಡ್ನೂರಾ ಇಪ್ಪತ್ತೈದು ಅದ. ಆದ್ರ ಹೆಸರಿನ ಜಾಗಾದಾಗ ‘ಸಿಸ್ಟಂ’ ಅಂತ ಬರಾಕತ್ತೈತಿ, ನಂಬರ್ ನಾಕು.”

4 ಎಂದರೆ ವಿಂಡೋಸಿನ ತಿರುಳೇ. ಹೆಸರು ಸಿಕ್ಕರೂ ಮುಚ್ಚಿಸಲಾಗದ ಹಿಡಿತ ಅದು. ಇಂಥಲ್ಲಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿಸುವುದೇ ನೇರ ದಾರಿ. “ಹಂಗಾರ ಬಂದ್ ಮಾಡಿ ಕಿತ್ಕೋತೀನಿ,” ಅಂದರು. ಬಂದ್ ಬೇಡ, ರೀಸ್ಟಾರ್ಟ್ ಕೊಡಿ ಎಂದೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರಗಳಲ್ಲಿ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದೇ ನೆನಪಿನೊಂದಿಗೆ ಏಳುತ್ತದೆ. ಎಲ್ಲವನ್ನೂ ಬಿಟ್ಟು ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ.

“ಲಾರಿ ಕಾಯಾಕತ್ತೈತೋ,” ಅಂದರು ಕಾಕಾ. ಫೋನು ಇಡಲಿಲ್ಲ. ಅತ್ತ ಕಡೆಯಿಂದ ಹಮಾಲರ ಮಾತು, ಕ್ರೇಟು ಇಡುವ ಸದ್ದು, ಇನ್ನೊಂದು ಹಾರ್ನು. ಮೂರು ನಿಮಿಷವಾಗಿರಬಹುದು.

“ಬಿಡ್ತು ನೋಡು.”